ನಿಮ್ಮೂರಿನ ಕಳ್ಳತನದ ಲೆಕ್ಕ ಯಾರ ಹತ್ತಿರ ಇದೆ? ಬೀಟ್ ಪೊಲೀಸರ ಜೊತೆ ಕೆಲಸ ಮಾಡಲು ಹಳ್ಳಿಯವರಿಗೆ ಒಂದು ಕೈಪಿಡಿ

ಪಂಪ್‌ಸೆಟ್ ಕೇಬಲ್ ಹೋಯಿತು. ಹೊಸದು ತಂದು ಹಾಕಿಸಿಕೊಂಡಿರಿ. ಪಕ್ಕದ ತೋಟದವರದ್ದು ಹೋದ ತಿಂಗಳೇ ಹೋಗಿತ್ತು, ಅವರೂ ಸುಮ್ಮನಾದರು. ಊರಾಚೆಯ ಹಟ್ಟಿಯಲ್ಲಿ ಎರಡು ಕುರಿ ಕಾಣೆಯಾದವು, ಅದಕ್ಕೂ ದೂರಿಲ್ಲ. ‘ಸ್ಟೇಷನ್ನಿಗೆ ಅಲೆಯೋರು ಯಾರು’ ಅನ್ನುವುದೇ ಎಲ್ಲರ ಮಾತು. ಹೀಗೆ ಒಂದು ವರ್ಷ ಕಳೆದರೆ ಠಾಣೆಯ ದಾಖಲೆಯಲ್ಲಿ ನಿಮ್ಮೂರು ಏನೂ ಆಗದ ಊರು. ಠಾಣೆಯಲ್ಲಿ ರಾತ್ರಿ ಗಸ್ತಿಗೆ ಇರುವ ಜೀಪು, ಜನ ಎರಡೂ ಕಡಿಮೆ. ದೂರು ಬಂದ ಕಡೆಗೆ ಅವರು ಹೋಗುತ್ತಾರೆ. ನಿಮ್ಮ ಕಡೆ ಯಾಕೆ ಬರಬೇಕು?

ಈ ಕೈಪಿಡಿ ಅದನ್ನು ಸರಿಮಾಡಿಕೊಳ್ಳುವುದರ ಬಗ್ಗೆ. ದೊಣ್ಣೆ ಹಿಡಿದು ರಾತ್ರಿ ತಿರುಗುವುದು ಇದರಲ್ಲಿ ಕೊನೆಗೆ ಬರುವ ಸಣ್ಣ ಭಾಗ. ಮೊದಲು ಬೇಕಾದದ್ದು ಒಂದು ನೋಟ್‌ಬುಕ್, ಒಂದು ಫೋನ್ ನಂಬರ್, ಮತ್ತು ಬರೆದು ಕೊಡುವ ಅಭ್ಯಾಸ.

1. ನಿಮ್ಮ ಬೀಟ್ ಯಾವುದು, ಬೀಟ್ ಪೊಲೀಸ್ ಯಾರು

ಹಿಂದೆ ಊರಿಗೆ ಪಟೇಲರಿದ್ದರು, ತಳವಾರರಿದ್ದರು. ಹೊಸಬರು ಬಂದರೆ, ಕಳ್ಳತನವಾದರೆ ಸುದ್ದಿ ಅವರ ಮೂಲಕ ಠಾಣೆಗೆ ಹೋಗುತ್ತಿತ್ತು. ವಂಶಪಾರಂಪರ್ಯದ ಆ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಅದರಲ್ಲಿ ನ್ಯಾಯವೂ ಇತ್ತು, ಯಾಕೆಂದರೆ ತಳವಾರಿಕೆ ಅನ್ನುವುದು ಎಷ್ಟೋ ಮನೆಗಳಿಗೆ ಬಿಟ್ಟಿ ಚಾಕರಿಯಾಗಿತ್ತು. ಆದರೆ ಊರಿಗೂ ಠಾಣೆಗೂ ನಡುವಿನ ಕೊಂಡಿ ಅಲ್ಲಿಗೆ ಸಡಿಲವಾಯಿತು. 1964ರಲ್ಲಿ ಗ್ರಾಮ ರಕ್ಷಣಾ ದಳಗಳಿಗೆ ಒಂದು ಕಾಯ್ದೆ ಬಂತು. ಬಹಳ ಊರುಗಳಲ್ಲಿ ಅದರ ಹೆಸರೂ ಈಗ ಯಾರಿಗೂ ನೆನಪಿಲ್ಲ.

ಈಗ ಇರುವುದು ಬೀಟ್ ವ್ಯವಸ್ಥೆ. 2017ರಲ್ಲಿ ಕರ್ನಾಟಕ ಪೊಲೀಸರು ಇದನ್ನು ಹೊಸದಾಗಿ ರೂಪಿಸಿದರು. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬ ಕಾನ್‌ಸ್ಟೇಬಲ್ ಅಥವಾ ಹೆಡ್ ಕಾನ್‌ಸ್ಟೇಬಲ್ ಹೆಸರಿಗೆ ಬರೆಯುವುದು, ಆ ಬೀಟ್‌ಗೆ ಊರವರನ್ನೇ ಸದಸ್ಯರಾಗಿ ಸೇರಿಸಿಕೊಳ್ಳುವುದು ಅದರ ಸಾರ. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮವೂ ಶುರುವಾಯಿತು. ಇದರಲ್ಲಿ ಬೀಟ್ ಸಿಬ್ಬಂದಿಯೇ ಮನೆಗಳಿಗೆ ಬಂದು ಕಷ್ಟ ಸುಖ ವಿಚಾರಿಸಬೇಕು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ನಿಮ್ಮ ಮನೆಗೆ ಯಾರೂ ಬಂದಿಲ್ಲ ಅಂದರೆ ಕಾಯಬೇಡಿ, ನೀವೇ ಹೋಗಿ.

ಹಗಲು ಹೊತ್ತು ಠಾಣೆಗೆ ಹೋಗಿ. ದೂರಿಲ್ಲದೆ ಹೋಗುವುದೇ ಒಳ್ಳೆಯದು, ಆಗ ಮಾತಿಗೆ ಪುರುಸೊತ್ತು ಇರುತ್ತದೆ. ಠಾಣೆಯ ರೈಟರ್ ಹತ್ತಿರ ನಾಲ್ಕು ವಿಷಯ ಕೇಳಿ. ನಮ್ಮೂರು ಯಾವ ಬೀಟ್? ಬೀಟ್ ಸಿಬ್ಬಂದಿಯ ಹೆಸರು, ಮೊಬೈಲ್ ನಂಬರ್ ಏನು? ಪಿಎಸ್‌ಐ ಅವರ ಸರ್ಕಾರಿ ನಂಬರ್ ಯಾವುದು? ನಮ್ಮ ಬೀಟ್‌ನ ಸದಸ್ಯರ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆ?

ಕೊನೆಯ ಪ್ರಶ್ನೆ ಮುಖ್ಯ. ಪಟ್ಟಿಯಲ್ಲಿ ಊರು ಬಿಟ್ಟು ಬೆಂಗಳೂರು ಸೇರಿದವರು, ತೀರಿಕೊಂಡವರು, ಒಂದೇ ಕೇರಿಯ ನಾಲ್ಕು ಜನ ಇರುವುದು ಅಪರೂಪವಲ್ಲ. ಹೊಸ ಹೆಸರು ಕೊಡುವಾಗ ದೊಡ್ಡವರನ್ನು ಬಿಟ್ಟು, ಊರಲ್ಲೇ ಓಡಾಡುವವರನ್ನು ನೋಡಿ. ಹಾಲಿನ ಡೇರಿಯ ಕಾರ್ಯದರ್ಶಿ, ಆಶಾ ಕಾರ್ಯಕರ್ತೆ, ಲೈನ್‌ಮನ್, ಕುರಿ ಕಾಯುವವರು, ಬೆಳಗಿನ ಮೊದಲ ಬಸ್ಸಿಗೆ ನಿಲ್ಲುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಊರಿನಲ್ಲಿ ಯಾವ ಹೊತ್ತಿಗೆ ಏನು ನಡೆಯುತ್ತದೆ ಅಂತ ಗೊತ್ತಿರುವುದು ಇವರಿಗೆ.

ನಿಮ್ಮೂರು ತಾಲ್ಲೂಕಿನ ಗಡಿಯಲ್ಲಿದ್ದರೆ ಇನ್ನೊಂದು ಕೆಲಸ ಇದೆ. ಮನೆ ಒಂದು ಠಾಣೆಗೆ, ಹೊಲ ಇನ್ನೊಂದಕ್ಕೆ ಸೇರಿರಬಹುದು. ಯಾವ ಹಳ್ಳ, ಯಾವ ಸರ್ವೆ ನಂಬರ್‌ವರೆಗೆ ಯಾರ ಹದ್ದು ಅಂತ ಮೊದಲೇ ತಿಳಿದುಕೊಳ್ಳಿ. ತುರ್ತಿಗೆ ಮಾತ್ರ ಈ ಯಾವ ಲೆಕ್ಕವೂ ಬೇಡ, 112ಕ್ಕೆ ಮಾಡಿ. ಮಾಡುವಾಗ ಊರು, ಹೋಬಳಿ, ತಾಲ್ಲೂಕು ಮೂರೂ ಹೇಳಿ. ಒಂದೇ ಹೆಸರಿನ ಹಳ್ಳಿ ನಮ್ಮ ರಾಜ್ಯದಲ್ಲಿ ಎಷ್ಟು ಇವೆ ಅಂತ ನಿಮಗೇ ಗೊತ್ತು.

2. ಊರಿಗೊಂದು ನೋಟ್‌ಬುಕ್

ಇಡೀ ಕೈಪಿಡಿಯಲ್ಲಿ ಒಂದೇ ಒಂದು ಕೆಲಸ ಮಾಡುವಷ್ಟು ಸಮಯ ಇದ್ದರೆ ಇದನ್ನು ಮಾಡಿ.

ಇನ್ನೂರು ಪುಟದ ಒಂದು ಪುಸ್ತಕ ಸಾಕು. ಡೇರಿಯಲ್ಲಿ ಅಥವಾ ಗ್ರಂಥಾಲಯದಲ್ಲಿ, ಎಲ್ಲ ಕೇರಿಯವರೂ ಹೋಗುವ ಜಾಗದಲ್ಲಿ ಇರಲಿ. ಏನು ಹೋಯಿತು, ಎಲ್ಲಿಂದ, ಕೊನೆಯದಾಗಿ ನೋಡಿದ್ದು ಯಾವಾಗ, ಇಲ್ಲ ಅಂತ ಗೊತ್ತಾಗಿದ್ದು ಯಾವಾಗ, ದೂರು ಕೊಟ್ಟಿದ್ದಾರಾ. ಇಷ್ಟು ಬರೆದರೆ ಸಾಕು. ಒಂದು ನಮೂದು ಹೀಗಿರಬಹುದು:

‘ಮಂಗಳವಾರ. ಕೆರೆ ಹಿಂದಿನ ತೋಟ. ಬೋರ್‌ವೆಲ್ ಕೇಬಲ್ ಸುಮಾರು 40 ಮೀಟರ್, ಸ್ಟಾರ್ಟರ್ ಒಂದು. ಸೋಮವಾರ ಸಂಜೆ 6ಕ್ಕೆ ಇತ್ತು. ಬೆಳಗ್ಗೆ 5ಕ್ಕೆ ತ್ರೀ ಫೇಸ್ ಬಂದಾಗ ಮೋಟಾರು ಎತ್ತಲಿಲ್ಲ, ಹೋಗಿ ನೋಡಿದಾಗ ಇಲ್ಲ. ಕಟರ್‌ನಲ್ಲಿ ಕತ್ತರಿಸಿದ ಗುರುತು. ನಾಯಿ ಬೊಗಳಿದ್ದು ಸುಮಾರು 2ಕ್ಕೆ ಅಂತ ಪಕ್ಕದ ತೋಟದವರು ಹೇಳಿದ್ದು. ದೂರು ಕೊಟ್ಟಿಲ್ಲ.’

ಇದರಲ್ಲಿ ಯಾರ ಮೇಲೆ ಅನುಮಾನ ಅನ್ನುವ ಮಾತು ಇಲ್ಲ, ಗಮನಿಸಿ. ಬೇಕೆಂದೇ ಬಿಟ್ಟಿದ್ದು. ಎಲ್ಲರೂ ಓದುವ ಪುಸ್ತಕದಲ್ಲಿ ಹೆಸರು ಬರೆದರೆ ಆ ಪುಸ್ತಕ ಊರಿನ ಜಗಳಕ್ಕೆ ಮೂಲವಾಗುತ್ತದೆ. ಅನುಮಾನ ಇದ್ದರೆ ಅದನ್ನು ಬೀಟ್ ಪೊಲೀಸರಿಗೆ ಬಾಯಲ್ಲಿ ಹೇಳಿ, ಕಾರಣ ಸಮೇತ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಮಕ್ಕಳ ವಿಷಯ, ಮನೆಯೊಳಗಿನ ಹೊಡೆತ ಬಡಿತ ಇವೂ ಈ ಪುಸ್ತಕಕ್ಕೆ ಬರಬಾರದು. ಅವಕ್ಕೆ ಬೇರೆ ದಾರಿ ಇದೆ, ಕೆಳಗೆ ಹೇಳುತ್ತೇನೆ.

ವಿಫಲವಾದ ಪ್ರಯತ್ನವನ್ನೂ ಬರೆಯಿರಿ. ಬೀಗ ಮುರಿಯಲು ನೋಡಿ ಬಿಟ್ಟು ಹೋದದ್ದು, ದೇವಸ್ಥಾನದ ಹುಂಡಿ ಅಲುಗಾಡಿಸಿದ್ದು, ರಾತ್ರಿ ನಂಬರ್ ಪ್ಲೇಟ್ ಇಲ್ಲದ ಟೆಂಪೊ ಬಂದು ಹೋದದ್ದು. ಏನೂ ಹೋಗಿಲ್ಲವಲ್ಲ ಅಂತ ಯಾರೂ ಇದನ್ನು ಹೇಳುವುದಿಲ್ಲ. ಆದರೆ ಬೀಟ್‌ನವರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಸುದ್ದಿ ಇದೇ.

3. ಬರೆದದ್ದನ್ನು ಓದುವುದು

ಎರಡು ಮೂರು ತಿಂಗಳ ನಮೂದು ಸೇರಿದ ಮೇಲೆ ಪುಸ್ತಕ ತೆರೆದು ಕೂರಿ. ನಮ್ಮ ಹಳ್ಳಿಗಳ ಕಳ್ಳತನಕ್ಕೆ ಒಂದು ಕ್ಯಾಲೆಂಡರ್ ಇದೆ. ಅದು ಬೆಳೆ ಮತ್ತು ಬೆಲೆಯ ಕ್ಯಾಲೆಂಡರ್. ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು ಕಡೆ ಅಡಿಕೆ ಕೊಯ್ಲಿನ ಹೊತ್ತಲ್ಲಿ ಮರದ ಮೇಲಿನ ಗೊನೆ, ಅಂಗಳದಲ್ಲಿ ಒಣಗುವ ಅಡಿಕೆ. ಕೊಡಗು, ಸಕಲೇಶಪುರದಲ್ಲಿ ಕಣದಲ್ಲಿ ಹರಡಿದ ಕಾಫಿ, ಅದರ ಹಿಂದೆಯೇ ಕರಿಮೆಣಸು. ಹಬ್ಬ, ಜಾತ್ರೆ ಹತ್ತಿರ ಬಂದು ಕುರಿ ಮೇಕೆ ಬೆಲೆ ಏರಿದಾಗ ಹಟ್ಟಿಗೆ ಕನ್ನ. ಟೊಮೆಟೊ ಬೆಲೆ ಗಗನಕ್ಕೇರಿದ 2023ರ ಜುಲೈನಲ್ಲಿ ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹೊಲವೊಂದರಿಂದ ಟೊಮೆಟೊವನ್ನೇ ರಾತ್ರೋರಾತ್ರಿ ಕೊಯ್ದುಕೊಂಡು ಹೋದ ದೂರು ದಾಖಲಾಯಿತು. ಟೊಮೆಟೊ ಕಾಯಲು ರೈತರು ಹೊಲದಲ್ಲಿ ಮಲಗಿದ ಕಾಲ ಅದು. ಮುಂದಿನ ತಿಂಗಳು ಯಾವುದರ ಬೆಲೆ ಏರಬಹುದು ಅನ್ನುವುದು ನಿಮಗೆ ಪೊಲೀಸರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಅದನ್ನು ಅವರಿಗೆ ಮೊದಲೇ ಹೇಳಿ.

ಕೇಬಲ್ ಕಳ್ಳತನಕ್ಕೆ ಇನ್ನೊಂದು ಲೆಕ್ಕ ಇದೆ. ಕರೆಂಟ್ ಇರುವಾಗ ಕೇಬಲ್ಲಿಗೆ ಕೈ ಹಾಕಲು ಯಾರಿಗೂ ಧೈರ್ಯ ಇಲ್ಲ. ಹೊಲಕ್ಕೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅಂತಾರೆ, ಅದೂ ಪಾಳಿಯಲ್ಲಿ. ಹೋದ ಕೇಬಲ್ಲುಗಳ ಹೊತ್ತನ್ನು ಪಾಳಿಯ ಪಟ್ಟಿಯ ಪಕ್ಕ ಇಟ್ಟು ನೋಡಿ. ಕರೆಂಟ್ ಇಲ್ಲದ ರಾತ್ರಿಗಳಲ್ಲೇ ಹೋಗಿದ್ದರೆ, ಕತ್ತರಿಸುವವರಿಗೂ ಪಾಳಿ ಗೊತ್ತಿದೆ ಅಂತ ಅರ್ಥ. ಹಾಗಂತ ಲೈನ್‌ಮನ್ ಮೇಲೆ ಬೀಳಬೇಡಿ. ಪಾಳಿ ಊರಿಗೆಲ್ಲ ಗೊತ್ತಿರುವ ವಿಷಯವೇ. ಗಸ್ತು ಯಾವ ರಾತ್ರಿ ಬೇಕು ಅಂತ ಕೇಳಲು ಮಾತ್ರ ಇದನ್ನು ಬಳಸಿ.

ಕದ್ದ ತಾಮ್ರದ ಕೇಬಲ್ ಹಾಗೇ ಮಾರಾಟಕ್ಕೆ ಹೋಗುವುದಿಲ್ಲ. ಮೇಲಿನ ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೆಯುತ್ತಾರೆ. ಕೆರೆ ಅಂಗಳದಲ್ಲಿ, ಹಾಳು ಕ್ವಾರಿಯಲ್ಲಿ ಆ ಕಮಟು ವಾಸನೆ ಬಂದರೆ, ಕರಿ ಬೂದಿ ಕಂಡರೆ ಫೋಟೊ ತೆಗೆದು ಬೀಟ್‌ನವರಿಗೆ ಕಳಿಸಿ. ಅಲ್ಲಿಂದ ಮುಂದಿನ ನಿಲ್ದಾಣ ಸಾಮಾನ್ಯವಾಗಿ ಗುಜರಿ ಅಂಗಡಿ. ಅಲ್ಲಿಗೆ ಹೋಗಿ ವಿಚಾರಿಸುವುದು ಪೊಲೀಸರ ಕೆಲಸ, ನಿಮ್ಮದಲ್ಲ.

ಟ್ರಾನ್ಸ್‌ಫಾರ್ಮರ್‌ನ ಎಣ್ಣೆ, ತಾಮ್ರ ಹೋದರೆ ಅದು ವಿದ್ಯುತ್ ಕಂಪನಿಯ ಆಸ್ತಿ. 1912ಕ್ಕೆ ಫೋನ್ ಮಾಡಿ, ಶಾಖಾಧಿಕಾರಿಗೂ ಹೇಳಿ. ದೂರು ಅವರು ಕೊಡಬೇಕು. ಕೊಟ್ಟರಾ ಅಂತ ವಿಚಾರಿಸುವುದು ನಿಮ್ಮ ಹಕ್ಕು, ಹೊಲ ಒಣಗುವುದು ನಿಮ್ಮದೇ ತಾನೆ.

ನಿಮ್ಮ ಪುಸ್ತಕವನ್ನು ಠಾಣೆಯ ಲೆಕ್ಕದ ಜೊತೆ ಹೋಲಿಸುವುದು ಮುಂದಿನದು. ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ಜಿಲ್ಲೆ, ಠಾಣೆ ಆರಿಸಿ ಹುಡುಕಬಹುದು. ಇಡೀ ವರ್ಷದ ಮೊತ್ತ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಎಸ್‌ಪಿ ಕಚೇರಿಗೆ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು. ‘ಇಂಥ ಠಾಣೆಯಲ್ಲಿ ಕಳೆದ ಎರಡು ವರ್ಷದಲ್ಲಿ ದಾಖಲಾದ ಕಳ್ಳತನ ಪ್ರಕರಣಗಳ ಸಂಖ್ಯೆ, ಗ್ರಾಮವಾರು’ ಅಂತ ಕೇಳಿದರೆ ಸಾಕು. ನಿಮ್ಮ ನೋಟ್‌ಬುಕ್ಕಿನಲ್ಲಿ ಹದಿನೈದು, ಠಾಣೆಯಲ್ಲಿ ಎರಡು ಅಂತ ಬಂದರೆ ತಕ್ಷಣ ಪೊಲೀಸರ ಮೇಲೆ ಹರಿಹಾಯಬೇಡಿ. ಆ ಹದಿಮೂರರಲ್ಲಿ ದೂರು ಬರೆದುಕೊಟ್ಟವರು ಎಷ್ಟು ಜನ ಅಂತ ಮೊದಲು ಎಣಿಸಿ.

4. ದೂರು ಬರೆಯುವುದು, ಸ್ವೀಕೃತಿ ಪಡೆಯುವುದು

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಕಲಂ ನಂಬರ್ ಬಾಯಿಪಾಠ ಮಾಡಬೇಕಿಲ್ಲ. ಆದರೆ ಒಂದು ವಿಷಯ ಹಳ್ಳಿಯವರಿಗೆ ನೇರವಾಗಿ ತಟ್ಟುತ್ತದೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕಳ್ಳನಿಗೆ ಅದು ಮೊದಲ ಸಲವಾಗಿದ್ದು, ಮಾಲು ವಾಪಸ್ ಕೊಟ್ಟರೆ ಹೊಸ ಕಾನೂನಿನಲ್ಲಿ ಶಿಕ್ಷೆ ಸಮುದಾಯ ಸೇವೆ ಮಾತ್ರ. ಅಂಥ ಸಣ್ಣ ಕಳ್ಳತನ ಪೊಲೀಸರು ತಾವಾಗಿ ತನಿಖೆಗೆ ಇಳಿಯಲಾಗದ ಗುಂಪಿಗೆ ಸೇರುತ್ತದೆ. ಠಾಣೆಯ ಮಾತಿನಲ್ಲಿ ಎನ್‌ಸಿ. ಹಾಗಾಗಿ ದೂರಿನಲ್ಲಿ ಬೆಲೆ ಬರೆಯುವಾಗ ‘ಸ್ವಲ್ಪ ಕೇಬಲ್’ ಅಂತ ಬರೆದು ಬಿಟ್ಟರೆ ಕೆಟ್ಟಿರಿ. ಎಷ್ಟು ಮೀಟರ್, ಯಾವ ಕಂಪನಿ, ಕೊಂಡ ಬಿಲ್ ಎಷ್ಟು, ಜೊತೆಗೆ ಹೋದ ಸ್ಟಾರ್ಟರ್ ಎಷ್ಟು ಎಲ್ಲ ಸೇರಿಸಿ. ಇಲ್ಲದ್ದನ್ನು ಮಾತ್ರ ಸೇರಿಸಬೇಡಿ. ಮಾಲು ಸಿಕ್ಕಾಗ ಲೆಕ್ಕ ತಪ್ಪಿದರೆ ಕೋರ್ಟಿನಲ್ಲಿ ನಿಮ್ಮ ಮಾತಿಗೇ ಬೆಲೆ ಇರುವುದಿಲ್ಲ.

ದೂರು ಬಿಳಿ ಹಾಳೆಯಲ್ಲಿ, ಕನ್ನಡದಲ್ಲಿ, ನಿಮ್ಮದೇ ಮಾತಿನಲ್ಲಿ ಸಾಕು. ಒಂದು ಮಾದರಿ ಹೀಗೆ:

‘ಪಿಎಸ್‌ಐ ಅವರಿಗೆ. ನಾನು ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರಲ್ಲಿ ವ್ಯವಸಾಯ ಮಾಡಿಕೊಂಡಿದ್ದೇನೆ. ಇಂಥ ದಿನ ಸಂಜೆ 6 ಗಂಟೆಗೆ ನಮ್ಮ ಬೋರ್‌ವೆಲ್ ಹತ್ತಿರ ಎಲ್ಲ ಸರಿ ಇತ್ತು. ಮರುದಿನ ಬೆಳಗ್ಗೆ 5 ಗಂಟೆಗೆ ಹೋಗಿ ನೋಡಿದಾಗ ಕೇಬಲ್, ಸ್ಟಾರ್ಟರ್ ಕಳ್ಳತನವಾಗಿದ್ದು ಕಂಡುಬಂತು. ಒಟ್ಟು ಬೆಲೆ ಇಷ್ಟು. ಬಿಲ್ ನಕಲು ಮತ್ತು ಸ್ಥಳದ ಫೋಟೊ ಲಗತ್ತಿಸಿದ್ದೇನೆ. ಕಳ್ಳರನ್ನು ಪತ್ತೆ ಮಾಡಿ ಕಾನೂನು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.’ ಕೆಳಗೆ ಸಹಿ, ದಿನಾಂಕ, ಫೋನ್ ನಂಬರ್.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಠಾಣೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತ. ಎನ್‌ಸಿ ಆದರೆ ಅದರ ನಂಬರ್, ಹಿಂಬರಹ ಕೇಳಿ ಪಡೆಯಿರಿ. ‘ನೋಡೋಣ, ಹೋಗಿರಿ’ ಅನ್ನುವುದು ಉತ್ತರವಲ್ಲ. ಆದರೆ ಒಂದು ಸಣ್ಣ ತಿಳಿವಳಿಕೆ ಇರಲಿ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಹೊಸ ಕಾನೂನು ಅವಕಾಶ ಕೊಟ್ಟಿದೆ. ಹೊಲದ ಕಳ್ಳತನ ಇದರೊಳಗೆ ಬರಬಹುದು. ಆಗ ‘ವಿಚಾರಣೆಗೆ ತೆಗೆದುಕೊಂಡಿದ್ದೀರಾ, ಬರೆದು ಕೊಡಿ’ ಅಂತ ಕೇಳಿ, ಹದಿನೈದನೆಯ ದಿನ ಮತ್ತೆ ಹೋಗಿ.

ಈ ಜಾಗ ನಮ್ಮ ಠಾಣೆಗೆ ಬರಲ್ಲ ಅಂದರೆ? ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ಅದನ್ನು ಸರಿಯಾದ ಠಾಣೆಗೆ ಕಳಿಸಬೇಕು. ಇದನ್ನೇ ಝೀರೊ ಎಫ್‌ಐಆರ್ ಅನ್ನುವುದು. ಆನ್‌ಲೈನಿನಲ್ಲಿ ಕಳಿಸಿದ ದೂರಿಗೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ದೂರು ತೆಗೆದುಕೊಳ್ಳಲೇ ಇಲ್ಲ ಅಂದರೆ ಅದೇ ದೂರನ್ನು ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗುವ ದಾರಿ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ.

ಇದೆಲ್ಲ ಸುಲಭ ಆಗುವುದು ಮೊದಲೇ ತಯಾರಿ ಇದ್ದರೆ. ಒಂದು ಭಾನುವಾರ ಕೂತು ಮೋಟಾರಿನ ಸೀರಿಯಲ್ ನಂಬರ್, ಬೈಕಿನ ಚಾಸಿ ನಂಬರ್, ಫೋನಿನ ಐಎಂಇಐ, ಹಸುವಿನ ಕಿವಿ ಓಲೆಯ 12 ಅಂಕಿ, ಒಡವೆಗಳ ಫೋಟೊ ಎಲ್ಲ ಒಂದು ಕಡೆ ಇಡಿ. ಕದ್ದ ಮಾಲು ಸಿಕ್ಕಿದ ಮೇಲೂ ಅದು ನಿಮ್ಮದೇ ಅಂತ ತೋರಿಸಲಾಗದೆ ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯುವ ಮೋಟಾರುಗಳು ಎಷ್ಟೋ. ಫೋನ್ ಕಳೆದರೆ ದೂರಿನ ಜೊತೆಗೆ ಕೇಂದ್ರದ ಸಿಇಐಆರ್ ಪೋರ್ಟಲ್‌ನಲ್ಲಿ ಅದನ್ನು ಬ್ಲಾಕ್ ಮಾಡಿಸಿ.

5. ಬೀಟ್ ಸಭೆ

ನೋಟ್‌ಬುಕ್ ಇದ್ದರೆ ಸಭೆಗೆ ಅರ್ಥ ಇರುತ್ತದೆ. ಇಲ್ಲದಿದ್ದರೆ ಶಾಲು ಹೊದಿಸಿ, ಫೋಟೊ ತೆಗೆದು, ಟೀ ಕುಡಿದು ಹೋಗುವ ಕಾರ್ಯಕ್ರಮ.

ಸಭೆಯ ಜಾಗ ಜಾಗ್ರತೆಯಿಂದ ಆರಿಸಿ. ದೇವಸ್ಥಾನದ ಕಟ್ಟೆಯ ಮೇಲೆ ಇಟ್ಟರೆ ಯಾವ ಕೇರಿಯವರು ದೂರ ನಿಲ್ಲುತ್ತಾರೆ ಅಂತ ಊರಿಗೆ ಗೊತ್ತು. ಶಾಲೆ, ಪಂಚಾಯ್ತಿ, ಡೇರಿ ವಾಸಿ. ಹೊತ್ತು ಸಂಜೆ ಹಾಲು ಹಾಕಿದ ಮೇಲೆ. ಹೆಂಗಸರು ಬರಬೇಕಾದರೆ ಸ್ತ್ರೀಶಕ್ತಿ ಸಂಘದ ಸಭೆಯ ದಿನವೇ ಇಟ್ಟುಕೊಳ್ಳಿ, ಮಹಿಳಾ ಸಿಬ್ಬಂದಿಯನ್ನೂ ಕಳಿಸಲು ಕೇಳಿ. ಊರ ಗಂಡಸರು ಕಳ್ಳತನದ ಮಾತಾಡಿದರೆ ಹೆಂಗಸರು ಗೂಡಂಗಡಿಯಲ್ಲಿ ಮಾರುವ ಸಾರಾಯಿ ಪ್ಯಾಕೆಟ್ ಬಗ್ಗೆ, ಓಸಿ (ಮಟ್ಕಾ ಜೂಜು) ಬರೆಯುವವರ ಬಗ್ಗೆ, ಸಾಲದ ಕಂತು ವಸೂಲಿಗೆ ಬಂದು ಬಾಗಿಲಲ್ಲಿ ಕೂರುವವರ ಬಗ್ಗೆ ಮಾತಾಡುತ್ತಾರೆ. ಊರಿನ ನಿಜವಾದ ಅಪರಾಧದ ಪಟ್ಟಿ ಅಲ್ಲೇ ಸಿಗುವುದು. ಮೈಕ್ರೊಫೈನಾನ್ಸ್ ಕಿರುಕುಳಕ್ಕೆ 2025ರಲ್ಲಿ ರಾಜ್ಯದಲ್ಲಿ ಬೇರೆಯೇ ಕಾನೂನು ಬಂದಿದೆ, ಹತ್ತು ವರ್ಷದವರೆಗೆ ಜೈಲು ಇದೆ ಅನ್ನುವುದು ಅವರಿಗೆ ತಿಳಿದಿರಲಿ.

ಬೇಡಿಕೆ ಮೂರಕ್ಕಿಂತ ಜಾಸ್ತಿ ಬೇಡ. ‘ಗಸ್ತು ಹೆಚ್ಚಿಸಿ’ ಅಂತ ಕೇಳಿದರೆ ‘ಆಯ್ತು’ ಅಂತಾರೆ, ಮುಗಿಯಿತು. ‘ಅಡಿಕೆ ಒಣಗುವ ಈ ಆರು ವಾರ, ರಾತ್ರಿ 1ರಿಂದ 4ರೊಳಗೆ, ಕೆರೆ ಏರಿ ರಸ್ತೆಯಲ್ಲಿ ವಾರಕ್ಕೆ ಎರಡು ಸಲ’ ಅಂತ ಕೇಳಿ. ಗಸ್ತು ಬಂದದ್ದಕ್ಕೆ ಗುರುತು ಹಾಕುವ ಪಾಯಿಂಟ್ ಪುಸ್ತಕವನ್ನೋ ಕ್ಯೂಆರ್ ಕೋಡನ್ನೋ ಆ ಜಾಗಕ್ಕೆ ಹಾಕಿಸಿ. ಪಾಯಿಂಟು ಊರ ಮುಂದಿನ ಸರ್ಕಲ್‌ನಲ್ಲೇ ಇದ್ದರೆ ಗಸ್ತು ಅಲ್ಲಿಂದಲೇ ತಿರುಗಿ ಹೋಗುತ್ತದೆ.

ಬೀದಿದೀಪ, ಪೊದೆ ಕಡಿಸುವುದು ಪೊಲೀಸರ ಕೆಲಸವಲ್ಲ, ಗ್ರಾಮ ಪಂಚಾಯ್ತಿಯದ್ದು. ಅದನ್ನು ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಿ.

ಸಿಸಿಟಿವಿ ಬಗ್ಗೆ ಒಂದು ಮಾತು. ಈಗ ಎಲ್ಲ ಊರಿಗೂ ಕ್ಯಾಮೆರಾ ಹುಚ್ಚು. ದಾನಿಗಳ ಹೆಸರಿನ ಬೋರ್ಡು ಕ್ಯಾಮೆರಾಗಿಂತ ದೊಡ್ಡದಿರುತ್ತದೆ. ಹಾಕುವುದಾದರೆ ಊರಿಂದ ಹೊರಹೋಗುವ ದಾರಿಗೆ ಹಾಕಿ, ನಂಬರ್ ಪ್ಲೇಟ್ ಕಾಣುವ ಎತ್ತರದಲ್ಲಿ. ಯಾರ ಮನೆ ಬಾಗಿಲಿಗೂ ಮುಖ ಮಾಡದಿರಲಿ. ಕರೆಂಟ್ ಹೋದಾಗ ನಡೆಯಲು ಬ್ಯಾಟರಿ ಇದೆಯಾ, ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿದೆಯಾ, ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ಅಂತ ತಿಂಗಳಿಗೊಮ್ಮೆ ನೋಡುವವರು ಒಬ್ಬರು ಇರಬೇಕು. ದೃಶ್ಯ ಸಿಕ್ಕಿದರೆ ವಾಟ್ಸಾಪ್‌ಗೆ ಹಾಕಬೇಡಿ. ಕಳ್ಳನೂ ಯಾವುದೋ ಗ್ರೂಪಿನಲ್ಲಿ ಇರುತ್ತಾನೆ. ಪೊಲೀಸರೇ ಬಂದು ನಕಲು ಮಾಡಿಕೊಳ್ಳಲಿ, ಕೋರ್ಟಿಗೆ ಅದಕ್ಕೆ ಪ್ರಮಾಣಪತ್ರವೂ ಬೇಕು.

6. ರಾತ್ರಿ ಕಾವಲು, ಅದರ ಮಿತಿ

ಕೊಯ್ಲಿನ ಕಾಲದಲ್ಲಿ ಸರದಿಯ ಮೇಲೆ ಕಾವಲು ಕಾಯುವುದು ಹೊಸದೇನಲ್ಲ. ಮಾಡಿ, ಆದರೆ ಪಿಎಸ್‌ಐಗೆ ಬರವಣಿಗೆಯಲ್ಲಿ ತಿಳಿಸಿ ಮಾಡಿ. ಯಾವ ರಾತ್ರಿ ಯಾರು ಅಂತ ಪಟ್ಟಿ ಬೀಟ್‌ನವರ ಹತ್ತಿರ ಇರಲಿ. ನಾಲ್ಕು ಜನ, ಟಾರ್ಚು, ವಿಶಲ್, ಚಾರ್ಜ್ ಇರುವ ಫೋನು. ಕುಡಿದವರನ್ನು ಆ ರಾತ್ರಿ ಬಿಟ್ಟುಬಿಡಿ. ಕತ್ತಿ, ಬಂದೂಕು ಬೇಡ. ಹೊಲದ ಬೇಲಿಗೆ ಕರೆಂಟ್ ಕೊಡುವುದಂತೂ ಬೇಡವೇ ಬೇಡ. ಕಳ್ಳನೋ, ಹಂದಿಯೋ ಅಂತ ಕೊಟ್ಟ ಕರೆಂಟಿಗೆ ದನ ಹುಡುಕುತ್ತಾ ಬಂದ ಊರ ಮಕ್ಕಳೇ ಬಲಿಯಾಗುತ್ತಾರೆ. ಕೊಟ್ಟವರು ಜೈಲಿಗೆ ಹೋಗುತ್ತಾರೆ.

ಕಣ್ಣೆದುರೇ ಕಳ್ಳತನ ಮಾಡುವವನನ್ನು, ಅದು ಎನ್‌ಸಿಗೆ ಸೇರುವ ಸಣ್ಣ ಕಳ್ಳತನ ಅಲ್ಲದಿದ್ದರೆ, ಹಿಡಿಯಲು ಕಾನೂನು ಸಾಮಾನ್ಯ ಜನರಿಗೂ ಅಧಿಕಾರ ಕೊಟ್ಟಿದೆ. ಆದರೆ ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆಯುವುದು ಆ ಅಧಿಕಾರದಲ್ಲಿ ಇಲ್ಲ. ಹೊಡೆದರೆ ನೀವು ದೂರುದಾರರಲ್ಲ, ಆರೋಪಿ. ಯಾರೋ ಅನುಮಾನ ಬರುವಂತೆ ತಿರುಗುತ್ತಿದ್ದಾರೆ ಅಂದರೆ ಹಿಡಿಯುವ ಹಕ್ಕೂ ಇಲ್ಲ. ದೂರ ನಿಂತು ಗಾಡಿ ನಂಬರ್ ಬರೆದುಕೊಂಡು 112ಕ್ಕೆ ಹೇಳಿ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಪ್ರತಿ ಕಾವಲು ಗುಂಪೂ ತಿಳಿದಿರಬೇಕು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ವಿಡಿಯೊ ಹರಿಯಿತು, ಮುಂದಿನ ಊರಿನಲ್ಲಿ ಜನ ಅಡ್ಡಗಟ್ಟಿದರು. ಒಬ್ಬ ಯುವಕ ಅಲ್ಲೇ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಆಮೇಲೆ ಊರಿಗೆ ಊರೇ ಕೇಸಿಗೆ ಸಿಕ್ಕಿಕೊಂಡಿತು. ನಿಮ್ಮ ಗ್ರೂಪಿನಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅಂತ ಬಂದರೆ ಬೀಟ್‌ನವರಿಗೆ ಫೋನ್ ಮಾಡಿ ಕೇಳಿ, ಅವರ ಉತ್ತರವನ್ನು ಅದೇ ಗ್ರೂಪಿಗೆ ಹಾಕಿ. ಬೀಟ್ ಪೊಲೀಸರನ್ನೂ ಆ ಗ್ರೂಪಿಗೆ ಸೇರಿಸಿಕೊಂಡಿದ್ದರೆ ಕೆಲಸ ಇನ್ನೂ ಬೇಗ.

ಊರಾಚೆ ಗುಡಾರ ಹಾಕಿದ ಅಲೆಮಾರಿಗಳ ಮೇಲೆ ಬೆರಳು ತೋರಿಸುವುದು ನಮ್ಮಲ್ಲಿ ಹಳೆಯ ಚಾಳಿ. 1871ರಲ್ಲಿ ಬ್ರಿಟಿಷರು ಕೆಲವು ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಕಾನೂನು ಮಾಡಿದ್ದರು. ಅದು 1952ರಲ್ಲಿ ರದ್ದಾಯಿತು. ಮನಸ್ಸಿನಿಂದ ಇನ್ನೂ ಹೋಗಿಲ್ಲ. ಕೇಬಲ್ ಕತ್ತರಿಸಲು ನಿಮ್ಮ ತೋಟದ ದಾರಿ, ಕರೆಂಟಿನ ಪಾಳಿ, ನಾಯಿ ಇಲ್ಲದ ಮನೆ ಎಲ್ಲ ಗೊತ್ತಿರಬೇಕು. ಮೊನ್ನೆ ಬಂದವರಿಗೆ ಅದು ಹೇಗೆ ಗೊತ್ತಾಗುತ್ತದೆ ಅಂತ ಒಮ್ಮೆ ಯೋಚಿಸಿ.

7. ಫೋನಿನೊಳಗೆ ಬರುವ ಕಳ್ಳರು

ಇವರಿಗೆ ಕಾವಲು ನಾಯಿ ಬೊಗಳುವುದಿಲ್ಲ. ಹಣ ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಠಾಣೆಗೆ ಆಮೇಲೆ ಹೋಗಬಹುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಬೇಕು, ಹಾಗಾಗಿ ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಉಳಿಯುವ ಸಾಧ್ಯತೆ ಜಾಸ್ತಿ. ಬ್ಯಾಂಕಿನ ಹೆಸರು, ಖಾತೆ ನಂಬರ್, ವ್ಯವಹಾರದ ಮೆಸೇಜು ಕೈಯಲ್ಲಿರಲಿ.

ಹಳ್ಳಿಗಳಲ್ಲಿ ಈಗ ಓಡುತ್ತಿರುವ ಮೋಸಗಳು ಕೆಲವು. ಪಿಎಂ ಕಿಸಾನ್ ಹೆಸರಿನಲ್ಲಿ, ಮದುವೆ ಕರೆಯೋಲೆಯ ವೇಷದಲ್ಲಿ ಬರುವ ಎಪಿಕೆ ಫೈಲು (ಫೋನಿಗೆ ಆ್ಯಪ್ ಹಾಕಿಬಿಡುವ ಫೈಲು). ಅದನ್ನು ಒತ್ತಿದರೆ ಫೋನೇ ಅವರ ಕೈಗೆ. ಪೊಲೀಸ್ ವೇಷದಲ್ಲಿ ವಿಡಿಯೊ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಅನ್ನುವುದು. ಅಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ. ಇನ್ನೊಂದು, ಬೆರಳಚ್ಚು ಕದ್ದು ಆಧಾರ್ ಮೂಲಕ ಹಣ ತೆಗೆಯುವುದು. 2023ರಲ್ಲಿ ಕರ್ನಾಟಕದಲ್ಲಿ ಇದರ ದೂರುಗಳು ಸಾಲುಸಾಲಾಗಿ ಬಂದವು. ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿದರೆ ಇದು ನಿಲ್ಲುತ್ತದೆ. ಪಡಿತರ, ಪಿಂಚಣಿಗೆ ಬೆರಳು ಕೊಡಬೇಕಾದ ದಿನ ತೆಗೆದು ಮತ್ತೆ ಹಾಕಬೇಕು. ಅಜ್ಜ ಅಜ್ಜಿಯರಿಗೆ ಇದನ್ನು ಮಾಡಿಕೊಡಲು ಊರಿನ ಒಬ್ಬ ಕಾಲೇಜು ಹುಡುಗಿಗೆ ಜವಾಬ್ದಾರಿ ಕೊಡಿ, ಎದುರಿಗೆ ಮನೆಯವರು ಒಬ್ಬರು ಇರಲಿ.

ಫೋನಿಲ್ಲದ ಹಳೆಯ ಮೋಸಗಳೂ ನಿಂತಿಲ್ಲ. ಒಡವೆ ಪಾಲಿಶ್ ಮಾಡಿಕೊಡುತ್ತೇವೆ ಅನ್ನುವವರು, ‘ಮುಂದೆ ಗಲಾಟೆ ಆಗಿದೆ, ಸರ ಬಿಚ್ಚಿ ಸೆರಗಿಗೆ ಕಟ್ಟಿಕೊಳ್ಳಮ್ಮ’ ಅನ್ನುವ ನಕಲಿ ಪೊಲೀಸರು, ನಿಧಿಯಲ್ಲಿ ಸಿಕ್ಕ ಚಿನ್ನದ ನಾಣ್ಯ ಕಡಿಮೆ ಬೆಲೆಗೆ ಕೊಡುವವರು. ನಾಣ್ಯಕ್ಕೆ ಮೋಸ ಹೋದವರು ನಾಚಿಕೆಯಿಂದ ದೂರು ಕೊಡುವುದಿಲ್ಲ, ಅದೇ ಆ ದಂಧೆಯ ಬಂಡವಾಳ.

8. ಕಟ್ಟೆಯಲ್ಲಿ ರಾಜಿ ಮಾಡಬಾರದ ವಿಷಯಗಳು

ಬದುವಿನ ಜಗಳ, ದನ ಮೇಯ್ದ ಜಗಳ ಊರಲ್ಲೇ ಮುಗಿದರೆ ಸಂತೋಷ. ಇವು ಮಾತ್ರ ಬೇರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ಪೊಲೀಸರಿಗೆ ಹೇಳದಿದ್ದರೆ ಪೋಕ್ಸೊ ಕಾಯ್ದೆಯಲ್ಲಿ ಅದೇ ಒಂದು ಅಪರಾಧ. ದಂಡ ಕಟ್ಟಿಸಿ, ಮದುವೆ ಮಾಡಿಸಿ ಮುಗಿಸುವ ಹಿರಿಯರೂ ಸಿಕ್ಕಿಕೊಳ್ಳುತ್ತಾರೆ. ಮಕ್ಕಳ ವಿಷಯಕ್ಕೆ, ಬಾಲ್ಯವಿವಾಹಕ್ಕೆ 1098. ಮದುವೆಗೆ ಮೊದಲೇ ಹೇಳಿದರೆ ತಡೆಯಬಹುದು. ಹೆಣ್ಣುಮಕ್ಕಳಿಗೆ 181. ಹೆಂಗಸರನ್ನು, 15 ವರ್ಷದೊಳಗಿನ ಮಕ್ಕಳನ್ನು, 60 ದಾಟಿದವರನ್ನು ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಜಾತಿ ದೌರ್ಜನ್ಯದ ದೂರಿಗೆ ಎಫ್‌ಐಆರ್ ಮಾಡುವ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ, ತನಿಖೆ ಡಿವೈಎಸ್‌ಪಿ ಮಟ್ಟದಲ್ಲಿ ಆಗಬೇಕು. ಇಂಥ ಪ್ರಕರಣದಲ್ಲಿ ಬೀಟ್ ಸದಸ್ಯರು ಮಾಡಬೇಕಾದ ಕೆಲಸ ಒಂದೇ: ದೂರು ಕೊಡುವವರ ಜೊತೆ ಠಾಣೆಯವರೆಗೆ ಹೋಗುವುದು.

9. ಬೆನ್ನು ಹತ್ತುವುದು

ದೂರು ಕೊಟ್ಟು 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು ದೂರುದಾರರಿಗೆ ತಿಳಿಸಬೇಕು. ಹೊಸ ಕಾನೂನಿನಲ್ಲಿ ಇದು ಇದೆ. ನೋಟ್‌ಬುಕ್ಕಿನಲ್ಲಿ ಪ್ರತಿ ದೂರಿನ ಮುಂದೆ ಆ 90ನೆಯ ದಿನದ ತಾರೀಕು ಬರೆದಿಡಿ.

ಇನ್ನು ವರ್ಗಾವಣೆ. ಪಿಎಸ್‌ಐಗಳು, ಬೀಟ್ ಸಿಬ್ಬಂದಿ ಬದಲಾಗುತ್ತಲೇ ಇರುತ್ತಾರೆ. ಹಳಬರ ಜೊತೆ ಬೆಳೆದ ಪರಿಚಯ ಅವರ ಜೊತೆಗೇ ಹೊರಟುಹೋಗುತ್ತದೆ. ಹೊಸಬರು ಬಂದ ವಾರದಲ್ಲೇ ಇಬ್ಬರು ಮೂವರು ಹೋಗಿ ಭೇಟಿ ಮಾಡಿ. ಹಾರ ಬೇಡ. ನೋಟ್‌ಬುಕ್ಕಿನ ಕಳೆದ ಆರು ತಿಂಗಳ ಪುಟಗಳ ಜೆರಾಕ್ಸ್, ಬೀಟ್ ಸದಸ್ಯರ ಹೊಸ ಪಟ್ಟಿ, ಬಾಕಿ ಇರುವ ಎಫ್‌ಐಆರ್ ಮತ್ತು ಎನ್‌ಸಿ ನಂಬರ್‌ಗಳು, ಮುಂದಿನ ಕೊಯ್ಲು ಯಾವಾಗ ಅನ್ನುವ ಒಂದು ಸಾಲು. ಇಷ್ಟನ್ನು ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.